ಸುತ್ತುಪುಸ್ತಕದ ಹಿಂದಿನ ಪುಟ

ತಾವು ಹೆಚ್ಚು ದಿನ ಬದುಕುವುದಿಲ್ಲವೆಂದು ನನ್ನ ಗಂಡನಿಗೆ ಗೊತ್ತಾದಾಗ, ಅದನ್ನು ಮನೆಯಲ್ಲಿ ಹೇಳಬೇಕೇ ಬೇಡವೇ ಎಂದು ಅವರು ಒಂದು ಪುಸ್ತಕದಲ್ಲಿ ಬರೆದು ಕೇಳಿದರು. ಹೆಸರು ಹಾಕಿರಲಿಲ್ಲ. ಬೇಡ ಎಂದು ಉತ್ತರ ಬರೆದವಳು ನಾನು. ನಾನು ಹೇಳಬೇಕಾಗಿರುವುದು ಇಷ್ಟೇ. ಉಳಿದದ್ದು ಅದು ಹೇಗಾಯಿತು ಎನ್ನುವ ವಿವರ. ಬರೆದರೆ ಭಾರ ಇಳಿಯುತ್ತದೆ ಎನ್ನುತ್ತಾರೆ. ನನಗೆ ಆ ನಂಬಿಕೆ ಇಲ್ಲ. ಆದರೂ ಬರೆಯುತ್ತಿದ್ದೇನೆ. ಎಸ್ಸೆಸ್ಸೆಲ್ಸಿಗೇ ಓದು ನಿಂತ ನನಗೆ ನಾಲ್ಕು ಸಾಲು ಬರೆಯುವ ಅಭ್ಯಾಸ ಬಂದದ್ದೇ ಆ ಪುಸ್ತಕದಿಂದ.

ಮದುವೆಯಾಗಿ ಮೈಸೂರಿನ ಕಡೆಯಿಂದ ನಾನು ಮೊದಲು ಬಂದದ್ದು ತಿರುವನಂತಪುರಕ್ಕೆ, ಅರವತ್ತರ ದಶಕದ ನಡುವಿನಲ್ಲಿ. ಅವರು ಬ್ಯಾಂಕಿನಲ್ಲಿ ಗುಮಾಸ್ತರು. ಚಾಲೈ ಬಜಾರಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಬೆಳಗಾದರೆ ಸಗಟು ಅಂಗಡಿಗಳ ಮುಂದೆ ಈರುಳ್ಳಿ ಮೂಟೆ ಇಳಿಸುವವರ ಕೂಗು. ನನಗೆ ಆ ಭಾಷೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಒಂದು ದಿನ ಬಾಳೆಕಾಯಿ ಕೊಳ್ಳುತ್ತಾ ಕೈಸನ್ನೆ ಮಾಡುತ್ತಿದ್ದಾಗ ಹಿಂದಿನಿಂದ ಯಾರೋ, "ಎಂತ ಮಾರಾಯ್ತಿ, ಬಾಳೆಕಾಯಿಗೆ ಇಷ್ಟು ಕುಣೀಬೇಕಾ?" ಎಂದರು. ಕಾಸರಗೋಡಿನ ಹೆಂಗಸು. ಗಂಡನಿಗೆ ಕೋರ್ಟಿನಲ್ಲಿ ಕೆಲಸ. ನನಗಿಂತ ಹತ್ತು ವರ್ಷ ದೊಡ್ಡವರು. ಅಂದಿನಿಂದ ಅವರು ನನಗೆ ಅಕ್ಕ.

ಅಕ್ಕನ ಮನೆಯಲ್ಲಿ ಶುಕ್ರವಾರ ಮಧ್ಯಾಹ್ನ ನಾವು ಐದಾರು ಕನ್ನಡದ ಹೆಂಗಸರು ಸೇರುತ್ತಿದ್ದೆವು. ಆಮೇಲೆ ವರ್ಗಾವಣೆಗಳು ಬಂದವು. ಒಬ್ಬಳು ಎರ್ನಾಕುಳಕ್ಕೆ, ಒಬ್ಬಳು ಇನ್ನೆಲ್ಲಿಗೋ. ನಮಗೂ ಕೊಚ್ಚಿಗೆ ಆಯಿತು. ಹೊರಡುವ ಹಿಂದಿನ ದಿನ ಅಕ್ಕ, "ನೀನೂ ಹೋದ್ರೆ ನಾನು ಗೋಡೆ ಹತ್ರ ಮಾತಾಡುದಾ? ಕಾಗದ ಬರೆದ್ರೆ ಒಬ್ಬಳಿಗೆ ಬರೆದ ಹಾಗಾಯ್ತು. ಎಲ್ಲ ಒಟ್ಟಿಗೆ ಕೂತ ಹಾಗೆ ಎಂತಾದ್ರೂ ಮಾಡ್ಬೇಕು" ಎಂದರು. ಮಾಡಿದರು. ಚಾಲೈಯ ಕಾಗದದ ಅಂಗಡಿಯಿಂದ ಒಂದು ದಪ್ಪ ಗೆರೆಪುಸ್ತಕ ತಂದು, ಕಂದು ಬಟ್ಟೆಯ ಹೊದಿಕೆ ಹೊಲಿದು, ಮೊದಲ ಪುಟದಲ್ಲಿ ನಿಯಮಗಳನ್ನು ಬರೆದು ಅಂಚೆಗೆ ಹಾಕಿದರು. ಅದಕ್ಕೆ ನಾವು ಸುತ್ತುಪುಸ್ತಕ ಎನ್ನುತ್ತಿದ್ದೆವು. ತಿರುವನಂತಪುರದ ಮೂರು ಮನೆ, ಕೊಚ್ಚಿಯ ಸುತ್ತಿನ ನಾಲ್ಕು ಮನೆ. ಒಬ್ಬೊಬ್ಬರಲ್ಲಿ ಮೂರು ನಾಲ್ಕು ದಿನ. ಒಂದು ಸುತ್ತು ಮುಗಿದು ಕೈಗೆ ಬರಲು ಒಂದೂವರೆ ತಿಂಗಳು.

ಹೆಸರು ಬರೆಯಬಾರದು, ಊರಿನ ಹೆಸರೇ ಸಹಿ ಎನ್ನುವುದು ಮೊದಲ ನಿಯಮ. ಅಕ್ಕ ಚಾಲೈ ಆದರು. ನಾನು ಮಟ್ಟಾಂಚೇರಿ ಆದೆ. ಧಾರವಾಡದ ಕಡೆಯ ಒಬ್ಬಳು, ಗಂಡ ಕಾರ್ಖಾನೆಯಲ್ಲಿ ಕೆಮಿಸ್ಟ್, ಕಳಮಶ್ಶೇರಿ ಆದಳು. ಎದುರಿಗೆ ಸಿಕ್ಕರೂ ಹಾಗೆಯೇ ಕರೆಯುತ್ತಿದ್ದೆವು. "ಏನ್ರೀ ಮಟ್ಟಾಂಚೇರಿ, ನಿಮ್ಮ ಊರಿನ ಶುಂಠಿ ವಾಸ್ನಿ ನಿಮ್ಮ ಸೀರಿಗೂ ಹತ್ತೇದ" ಎಂದು ಅವಳು ನಗುತ್ತಿದ್ದಳು. ನಮ್ಮ ಮನೆಯ ಎದುರೇ ಒಣಶುಂಠಿಯ ಗೋದಾಮು. ಅವಳು ಹೇಳಿದ್ದು ನಿಜ.

ಪುಸ್ತಕದ ಮುಂದಿನ ಪುಟಗಳಲ್ಲಿ ಎಲ್ಲ ಇತ್ತು. ಕುಸುಬಲಕ್ಕಿಯಲ್ಲಿ ದೋಸೆ ಏಕೆ ಏಳುವುದಿಲ್ಲ, ಮರಳು ಮಣ್ಣಿನಲ್ಲಿ ಮಲ್ಲಿಗೆಗೆ ಏನು ಹಾಕಬೇಕು. ಕಳಮಶ್ಶೇರಿ ಚೌಕುಳಿ ಕಾಗದದಲ್ಲಿ ಕ್ರೋಶಾ ಮಾದರಿ ಬರೆದು ಅಂಟಿಸುತ್ತಿದ್ದಳು. ನಾನು ರಂಗೋಲಿ ಹಾಕುತ್ತಿದ್ದೆ. ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ, ಏನು ಮಾಡುವುದು ಎಂದು ನಾನು ಕೇಳಿದಾಗ ಉಳಿದ ಆರು ಮನೆಯಿಂದಲೂ ಬಂದ ಉತ್ತರ, ನಮ್ಮಲ್ಲೂ ಹಾಗೇ. ಒಗ್ಗರಣೆಗೆ ಕೊಬ್ಬರಿ ಎಣ್ಣೆ ಸರಿಯೇ ಎನ್ನುವ ಜಗಳ ಮೂರು ಸುತ್ತು ನಡೆಯಿತು. ಕೊನೆಗೆ ಚಾಲೈ, "ನಿಮಗೆ ಬೇಡದಿದ್ದರೆ ತಲೆಗೆ ಹಚ್ಚಿಕೊಳ್ಳಿ, ಒಳಗೆ ಬುದ್ಧಿಯಾದರೂ ತಂಪಾದೀತು" ಎಂದು ಬರೆದು ಮುಗಿಸಿದರು.

ಪುಸ್ತಕವನ್ನು ತಿರುಗಿಸಿ ಹಿಡಿದರೆ ಹಿಂದಿನ ಪುಟಗಳು. ಅಲ್ಲಿ ಪ್ರಶ್ನೆ ಕೇಳುವವರು ಊರನ್ನೂ ಹಾಕಬೇಕಾಗಿಲ್ಲ. ಉತ್ತರಿಸುವವರು ಮಾತ್ರ ಹಾಕಬೇಕು. ಪ್ರಶ್ನೆ ಯಾರದೆಂದು ಯಾರೂ ಕೇಳಬಾರದು, ತಿಳಿದರೂ ಬಾಯಿ ಬಿಡಬಾರದು, ಎದುರು ಸಿಕ್ಕಾಗ ಆ ವಿಷಯ ಎತ್ತಬಾರದು. ಮೊದಲ ವರ್ಷ ಒಬ್ಬಳು ಅತ್ತೆಯ ಬಗ್ಗೆ ಬರೆದದ್ದು ಪುಸ್ತಕ ಸುತ್ತಿ ಬರುವ ಮೊದಲೇ ಅತ್ತೆಯ ಕಿವಿಗೆ ಹೋಗಿತ್ತು. ಅದಾದ ಮೇಲೆ ಅಕ್ಕ ಈ ನಿಯಮವನ್ನು ಕೆಂಪು ಶಾಯಿಯಲ್ಲಿ ಮತ್ತೆ ಬರೆದರು. ಬರೆದದ್ದನ್ನು ಹೊಡೆದುಹಾಕಬಾರದು ಎಂದೂ ಸೇರಿಸಿದರು. ನಾವು ಅದನ್ನು ವ್ರತದ ಹಾಗೆ ಪಾಲಿಸಿದೆವು.

ಕಳಮಶ್ಶೇರಿಯ ನಂತರದ ಸರದಿ ನನ್ನದು. ಅವಳ ಗಂಡ ಶನಿವಾರ ಪೇಟೆಗೆ ಬಂದವರು ಎರ್ನಾಕುಳದಲ್ಲಿ ನಮ್ಮವರ ಬ್ಯಾಂಕಿಗೆ ಬಂದು ಪುಸ್ತಕ ಕೊಟ್ಟು ಹೋಗುತ್ತಿದ್ದರು. ನಮ್ಮವರು ಅದನ್ನು ಚೀಲದಲ್ಲಿಟ್ಟುಕೊಂಡು ಬೋಟಿನಲ್ಲಿ ಹಿನ್ನೀರು ದಾಟಿ ಮಟ್ಟಾಂಚೇರಿಗೆ ತರುತ್ತಿದ್ದರು. "ತಗೋ, ನಿಮ್ಮ ಪಾರ್ಲಿಮೆಂಟು ಬಂತು" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಚಾಚುತ್ತಿದ್ದರು. ನಾನು ಓದಿ ಬರೆದ ಮೇಲೆ ತಿರುವನಂತಪುರಕ್ಕೆ ಬುಕ್ ಪೋಸ್ಟ್ ಮಾಡುವವರೂ ಅವರೇ. ಗಂಡಸರು ಅದರಲ್ಲಿ ಬರೆಯುವುದಿರಲಿ, ಬಿಚ್ಚಿ ನೋಡುತ್ತಾರೆ ಎಂದೂ ನಾವು ಎಣಿಸಿರಲಿಲ್ಲ.

ಮದುವೆಯಾದ ಹದಿನಾರನೆಯ ವರ್ಷ, ಮಳೆಗಾಲ ಶುರುವಾಗುವ ಹೊತ್ತಿಗೆ ಅವರು ಆಫೀಸಿನ ಕೆಲಸವೆಂದು ಎರಡು ದಿನ ತಿರುವನಂತಪುರಕ್ಕೆ ಹೋಗಿ ಬಂದರು. ಅಕ್ಕನ ಮನೆಗೆ ಹೋಗಲಿಲ್ಲವೆಂದು ನಾನು ಬೈದೆ. ಅದಾದ ಎರಡನೆಯ ಶನಿವಾರ ಪುಸ್ತಕ ಬಂತು. ಹಿಂದಿನ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದ ಹೊಸ ಪ್ರಶ್ನೆ ಇತ್ತು. ಅಕ್ಷರಗಳು ಗೆರೆಯ ಮೇಲೆ ನಿಲ್ಲದೆ ಅತ್ತಿತ್ತ ಅಲುಗಿದ್ದವು. ಒತ್ತಕ್ಷರಗಳು ಎಲ್ಲೋ ಹೋಗಿ ಬಿದ್ದಿದ್ದವು.

"ಹೊಟ್ಟೆಯಲ್ಲಿ ಗಡ್ಡೆಯಿದೆ ಎಂದು ಡಾಕ್ಟರು ಹೇಳಿದ್ದಾರೆ. ಕೊಯ್ದು ತೆಗೆಯುವ ಹಂತ ದಾಟಿದೆಯಂತೆ. ಒಂದು ವರ್ಷ ಸಿಗಲಾರದು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹೇಳುವುದು ಸರಿಯೋ ಹೇಳದಿರುವುದು ಸರಿಯೋ, ತಿಳಿದವರು ಬರೆಯಬೇಕು."

ಕೆಳಗೆ ಉಳಿದ ಖಾಲಿ ಜಾಗಕ್ಕೆ ಅಡ್ಡಲಾಗಿ ಒಂದು ಓರೆಗೆರೆ ಎಳೆದಿತ್ತು.

ನಾನು ಪುಸ್ತಕವನ್ನು ಹಿಡಿದುಕೊಂಡು ಹೊರಗೆ ಬಂದೆ. ಅವರು ಬೆತ್ತದ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಪೂರ್ತಿ ಓದಿ ಹೇಳಿದೆ.

"ಪಾಪ, ಯಾವುದೋ ವಯಸ್ಸಾದವರು ಕಣ್ರೀ. ಕೈ ನೋಡಿ ಹೇಗೆ ನಡುಗಿದೆ. ಅಕ್ಕನ ಪಕ್ಕದ ಮನೆಯಜ್ಜಿ ಇರಬೇಕು, ಅಕ್ಕ ಬರೆಯೋಕೆ ಕೊಟ್ಟಿರ್ತಾರೆ."

"ಇರಬಹುದು."

"ಏನ್ ಬರೀಲಿ?"

"ನಿನಗೇನು ಅನ್ಸುತ್ತೋ ಅದನ್ನೇ ಬರಿ."

"ಹೇಳಬಾರದು ಅಂತ ನನಗನ್ಸುತ್ತೆ."

ಅವರು ಲೋಟವನ್ನು ಕೆಳಗಿಟ್ಟರು. "ಆ ಮನೆಯವರಿಗೆ ಆಮೇಲೆ ಗೊತ್ತಾದ್ರೆ? ಕೋಪ ಮಾಡ್ಕೊಳಲ್ವಾ?"

"ಆಮೇಲೆ ತಾನೇ? ಆಮೇಲೆ ಅಳೋದಕ್ಕೆ ಬೇಕಾದಷ್ಟು ಹೊತ್ತಿರುತ್ತೆ ಬಿಡಿ."

"ಅದೂ ಸರಿಯೇ" ಎಂದರು. ಎದ್ದು ಹೋಗಿ ಲೋಟವನ್ನು ತಾವೇ ತೊಳೆದಿಟ್ಟರು. ಅದೊಂದು ಹೊಸದು. ನಾನು ಗಮನಿಸಿದೆ. ಒಳ್ಳೆಯ ಬುದ್ಧಿ ಬಂದಿದೆ ಎಂದುಕೊಂಡೆ.

ನಾನು ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ನನ್ನ ತಂದೆಗೆ ಇಂಥದ್ದೇ ಕಾಯಿಲೆಯಾದಾಗ ಡಾಕ್ಟರು ಅಮ್ಮನಿಗೆ ಎಲ್ಲ ಹೇಳಿಬಿಟ್ಟರು. ಅಮ್ಮ ಅಂದಿನಿಂದಲೇ ಅಳಲು ಶುರು ಮಾಡಿದಳು. ತಂದೆ ಊಟಕ್ಕೆ ಕೂತರೆ ಅಳು, ಪೇಪರ್ ಓದಿದರೆ ಅಳು. ಅವರು ಒಂಬತ್ತು ತಿಂಗಳು ತಮ್ಮ ಮನೆಯಲ್ಲೇ ಹೆಣದ ಹಾಗೆ ಓಡಾಡಿದರು. ಇದನ್ನೆಲ್ಲ ಬರೆದೆ. ಒಂದೂವರೆ ಪುಟವಾಯಿತು. ಕೊನೆಗೆ, "ಹೇಳಬೇಡಿ. ಮನೆಯವರು ನಗುನಗುತ್ತಾ ಇರುವುದನ್ನು ನೋಡಿಕೊಂಡು ಇರಿ. ನಿಮಗೂ ಅದೇ ಔಷಧಿ" ಎಂದು ಬರೆದು, ಮಟ್ಟಾಂಚೇರಿ ಎಂದು ಸಹಿ ಹಾಕಿದೆ. ಆ ಪುಸ್ತಕದಲ್ಲಿ ನಾನು ಬರೆದುದರಲ್ಲಿ ಅದೇ ಚೆನ್ನಾಗಿದೆ ಎನ್ನಿಸಿತ್ತು. ಎರಡು ಸಲ ಓದಿಕೊಂಡೆ.

ಮುಂದಿನ ಸುತ್ತಿನಲ್ಲಿ ಎಲ್ಲರೂ ಉತ್ತರ ಬರೆದಿದ್ದರು. ಚಾಲೈ, "ಮಟ್ಟಾಂಚೇರಿ ಬರೆದದ್ದು ಓದಿ ಕಣ್ಣಲ್ಲಿ ನೀರು ಬಂತು. ಅದೇ ಸರಿ" ಎಂದಿದ್ದರು. ಉಳಿದವರೂ ಹಾಗೆಯೇ. ಕಳಮಶ್ಶೇರಿ ಮಾತ್ರ ಏನೂ ಬರೆದಿರಲಿಲ್ಲ. ಯಾವಾಗಲೂ ಮುಂದೆ ಬೀಳುವವಳು ಇದಕ್ಕೆ ಏಕೆ ಸುಮ್ಮನಿದ್ದಾಳೆ ಎಂದುಕೊಂಡೆ. ಎಲ್ಲ ಉತ್ತರಗಳ ಕೊನೆಯಲ್ಲಿ ಅದೇ ಪೆನ್ಸಿಲು, ಅದೇ ಅಲುಗುವ ಅಕ್ಷರ: "ಎಲ್ಲರಿಗೂ ವಂದನೆ. ಮಟ್ಟಾಂಚೇರಿಯವರು ಹೇಳಿದ ಹಾಗೇ ಮಾಡುತ್ತೇನೆ." ಕೆಳಗೆ ಓರೆಗೆರೆ.

ನಾನು ಅದನ್ನೂ ಅವರಿಗೆ ತೋರಿಸಿದೆ. "ನೋಡಿ, ಅಜ್ಜಿ ನನ್ನ ಮಾತು ಕೇಳಿದ್ದಾರೆ."

"ನಿನ್ನ ಮಾತು ಕೇಳದೆ ಯಾರು ಬದುಕಕ್ಕಾಗುತ್ತೆ?" ಎಂದರು. ನಾವಿಬ್ಬರೂ ನಕ್ಕೆವು.

ಆ ದಿನಗಳಲ್ಲಿ ಕಳಮಶ್ಶೇರಿ ನಮ್ಮ ಮನೆಗೆ ಬರುವುದು ಹೆಚ್ಚಾಯಿತು. ಎರಡು ಬಸ್ಸು, ಒಂದು ಬೋಟು ಹಿಡಿದು ಭಾನುವಾರ ಬರುವಳು. ಶೇಂಗಾ ಹೋಳಿಗೆ ತರುವಳು. ನನ್ನ ಮುಖವನ್ನೇ ನೋಡುವಳು.

"ಯಾಕ್ರೀ, ಸೊರಗೀರಲ್ಲ. ಊಟಾ ಬರೋಬ್ಬರಿ ಮಾಡ್ತೀರಿಲ್ಲೋ?"

"ನಾನೆಲ್ಲಿ ಸೊರಗಿದೀನಿ? ರವಿಕೆ ಹೊಲಿಗೆ ಬಿಚ್ಚಿ ಸಡಿಲ ಮಾಡ್ಕೋಬೇಕಾಗಿದೆ."

"ಮೈಯಾಗ ಏನಾರ ಅನಸ್ತಿದ್ರ ಹೇಳ್ರಿ. ನಮ್ಮನಿಯವರಿಗೆ ದೊಡ್ಡ ಡಾಕ್ಟರು ಗುರ್ತ ಇದ್ದಾರ."

ನಮ್ಮವರು ಅಲ್ಲೇ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಅವರು ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಮಾಡಿಕೊಂಡಿದ್ದು ಆ ಸಮಯದಲ್ಲೇ. ಬೋಟು ತಪ್ಪೀತೆಂದು ಓಡಿ ಓಡಿ ತೂಕ ಇಳಿದಿದೆ ಎಂದರು. ನಾನು ನಂಬಿದೆ. ನಮ್ಮಿಬ್ಬರ ಕಣ್ಣೆದುರಿಗೆ ಒಬ್ಬ ಮನುಷ್ಯ ಕರಗುತ್ತಿದ್ದ. ಅವಳು ನನ್ನನ್ನು ನೋಡುತ್ತಿದ್ದಳು. ನಾನು ಹೋಳಿಗೆಯನ್ನು ನೋಡುತ್ತಿದ್ದೆ.

ಮಳೆಗಾಲ ಕಳೆದು ಚಳಿಯ ದಿನಗಳು ಬಂದಾಗ ಅವರು ಬ್ಯಾಂಕಿನಲ್ಲೇ ಬಿದ್ದರು. ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಅವರ ಚೀಲದಲ್ಲಿ ತಿರುವನಂತಪುರದ ಡಾಕ್ಟರ ಚೀಟಿ ಸಿಕ್ಕಿತು. ಅದನ್ನು ನೋಡಿದ ಇಲ್ಲಿಯ ಡಾಕ್ಟರು, "ಇವರಿಗೆ ಆರೇಳು ತಿಂಗಳಿಂದ ಗೊತ್ತಿದೆಯಲ್ಲ, ನಿಮಗೆ ಹೇಳಿಲ್ಲವೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹದಿನಾಲ್ಕು ವರ್ಷದ ಮಗಳು ನನಗಿಂತ ಮೊದಲು ಅರ್ಥ ಮಾಡಿಕೊಂಡಳು. ಅವರಿಗೆ ಆಗಲೇ ಪ್ರಜ್ಞೆ ಹೋಗಿ ಬರುತ್ತಿತ್ತು. ಒಮ್ಮೆ ಕಣ್ಣು ಬಿಟ್ಟಾಗ ನಾನು ಏನನ್ನೂ ಕೇಳಲಿಲ್ಲ. ಕೋಪ ಬಂದಿತ್ತು. ಬೇಕೆಂದೇ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡೆ. ಮತ್ತೆ ಅವರು ಕಣ್ಣು ಬಿಡಲಿಲ್ಲ.

"ಅಚ್ಛನ್ ಎಂದಾ ಪರಯಾಞ್ಞದ್, ಅಮ್ಮೇ?" ಎಂದು ಮಗಳು ದಿನವೂ ಕೇಳಿದಳು. ಅಪ್ಪ ಯಾಕೆ ಹೇಳಲಿಲ್ಲ ಎಂದು. "ಹೋಗಿ ನಿಮ್ಮಪ್ಪನ್ನೇ ಕೇಳು" ಎಂದೆ. ಫೋಟೋದ ಮುಂದೆ ದೀಪ ಹಚ್ಚುವಾಗಲೂ ಬೈದೆ. ನಾನೇನು ಪರಕೀಯಳೇ, ಹದಿನಾರು ವರ್ಷ ಅನ್ನ ಬಡಿಸಿದವಳು, ನನಗೆ ಹೇಳಬಾರದೆಂದು ನಿಮಗೆ ಯಾರು ಹೇಳಿಕೊಟ್ಟರು ಎಂದು ಬೈದೆ. ಹದಿಮೂರು ದಿನವೂ ಬೈದೆ.

ಹದಿನಾಲ್ಕನೆಯ ದಿನ ಕಳಮಶ್ಶೇರಿ ಒಬ್ಬಳೇ ಬಂದಳು. ಕೈಯಲ್ಲಿ ಕಂದು ಬಟ್ಟೆಯ ಪುಸ್ತಕ. ನನ್ನ ಸರದಿ ಬಂದಿತ್ತು, ತಂದು ಕೊಡುವವರು ಇರಲಿಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತು ಹೇಳಿದಳು.

"ನಾ ಒಂದು ನೇಮಾ ಮುರೀತೀನಿ. ಬೈಬ್ಯಾಡ್ರಿ. ಆ ಪೆನ್ಸಿಲ್ ಪ್ರಶ್ನಿ ನಿಮ್ಮದು ಅಂತ ತಿಳಿದಿದ್ದೆ."

"ನನ್ನದಾ?"

"ನಮ್ಮ ಮನಿಯಿಂದ ಪುಸ್ತಕ ಹೋಗೂ ಮುಂದ ಆ ಪ್ರಶ್ನಿ ಇರಲಿಲ್ಲ. ಆ ಪುಟದಾಗ ಕಡೀ ಸಾಲು ನಂದ. ಮುಂದಿನ ಸರ್ತಿ ನೋಡಿದ್ರ, ನನ್ನ ಸಾಲಿನ ಕೆಳಗ ಆ ಪ್ರಶ್ನಿ, ಅದರ ಮುಂದ ನಿಮ್ಮ ಉತ್ತರ. ನೀವ ಕೇಳಿ ನೀವ ಉತ್ತರಾ ಬರ್ಕೊಂಡೀರಿ, ಮನಸ್ಸು ಗಟ್ಟಿ ಮಾಡ್ಕೊಳ್ಳಾಕ, ಅಂತ ತಿಳಿದೆ. ಎಷ್ಟ್ ಸಲ ಕೇಳಬೇಕು ಅಂತ ಬಂದೆ. ಕೇಳಬಾರದಲ್ಲ. ನೀವ ಸಾಯ್ತೀರಿ ಅಂತ ಅಳಕೋತ ಬಸ್ಸಿನ್ಯಾಗ ಹೋಗೀನ್ರಿ ನಾನು."

ಅವಳ ಮನೆಗೂ ನನ್ನ ಮನೆಗೂ ನಡುವೆ ಪುಸ್ತಕ ಹಿಡಿದವರು ಇಬ್ಬರೇ. ಅವಳ ಗಂಡ ಧಾರವಾಡದಲ್ಲಿ ಇಂಗ್ಲಿಷ್ ಶಾಲೆಯಲ್ಲಿ ಓದಿದವರು, ಕನ್ನಡ ಬರೆಯಲು ಬಾರದು. ಗಟ್ಟಿಮುಟ್ಟಾಗಿ ಬದುಕಿಯೂ ಇದ್ದರು. ಉಳಿದವರು ಒಬ್ಬರು.

ಅವಳು ಹೋದ ಮೇಲೆ ಪುಸ್ತಕ ತಿರುಗಿಸಿದೆ. ಈ ಸಲ ಅಕ್ಷರ ನೋಡಲಿಲ್ಲ, ಓರೆಗೆರೆ ನೋಡಿದೆ. ಬ್ಯಾಂಕಿನವರು ಏನನ್ನೇ ಬರೆದರೂ ಕೆಳಗೆ ಉಳಿದ ಜಾಗಕ್ಕೆ ಹಾಗೆ ಗೆರೆ ಎಳೆಯುತ್ತಾರೆ, ಬೇರೆಯವರು ಏನೂ ಸೇರಿಸದಿರಲಿ ಎಂದು. ಅವರು ಮನೆಯ ಸಾಮಾನಿನ ಪಟ್ಟಿಗೂ ಎಳೆಯುತ್ತಿದ್ದರು. ಉದ್ದಿನಬೇಳೆ, ಸಾಬೂನು, ದೀಪದ ಬತ್ತಿ, ಆಮೇಲೆ ಗೆರೆ. "ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ, ಕೆಳಗೆ ಸೀರೆ ಅಂತ ಸೇರಿಸ್ಬಿಡ್ತೀನಾ?" ಎಂದು ನಾನು ರೇಗಿಸುತ್ತಿದ್ದೆ. ಆಗಲೂ ಒಂದು ಹಳೆಯ ಪಟ್ಟಿ ಅಕ್ಕಿಡಬ್ಬದ ಮುಚ್ಚಳದ ಕೆಳಗೆ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕಾಗಿರಲಿಲ್ಲ. ಆದರೂ ಇಟ್ಟು ನೋಡಿದೆ.

ಅದಾದ ಮೇಲೆ ನಾನು ಅವರನ್ನು ಬೈಯಲಿಲ್ಲ. ಬೈಯಲು ಯಾರೂ ಉಳಿಯಲಿಲ್ಲ.

ಒಂದೇ ಪ್ರಶ್ನೆ ಉಳಿಯಿತು. ಅವರು ಬೇಕೆಂದೇ ಕೈಬರಹ ಮರೆಸಿದ್ದರೇ? ಮರೆಸಿದ್ದರೆ ನನಗೆ ಗೊತ್ತಾಗಬಾರದು ಎನ್ನುವುದೇ ಅವರ ಇಷ್ಟ. ಹಾಗಿದ್ದರೆ ನಾನು ಹೇಳಿದ್ದು ಅವರು ಮೊದಲೇ ನಿಶ್ಚಯಿಸಿದ್ದಕ್ಕೆ ಒಂದು ಒಪ್ಪಿಗೆ, ಅಷ್ಟೇ. ಕೆಲವು ದಿನ ನಾನು ಇದನ್ನೇ ಹಿಡಿದುಕೊಂಡು ಎದ್ದು ಅಡುಗೆ ಮಾಡಿದೆ, ಮಗಳ ಜಡೆ ಹಾಕಿದೆ.

ಪುಸ್ತಕವನ್ನು ಮುಂದೆ ಕಳಿಸಬೇಕಾಗಿತ್ತು. ಬ್ಯಾಂಕಿನಲ್ಲಿ ಸಹಿ ಹಾಕುವ ಕಾಗದಗಳಿದ್ದವು, ಅಲ್ಲಿಂದ ಹಾಗೇ ಅಂಚೆಗೆ ಹಾಕೋಣವೆಂದು ಒಂದು ಬೆಳಿಗ್ಗೆ ಮಟ್ಟಾಂಚೇರಿಯ ಜೆಟ್ಟಿಯಲ್ಲಿ ಬೋಟು ಹತ್ತಿದೆ. ಅವರು ದಿನವೂ ಕೂರುತ್ತಿದ್ದದ್ದು ಎಂಜಿನ್ನಿನ ಪಕ್ಕದ ಬೆಂಚಿನಲ್ಲಿ, ಮಳೆಯ ಎರಚಲು ಬರುವುದಿಲ್ಲವೆಂದು. ನಾನೂ ಅಲ್ಲೇ ಕೂತೆ. ಬೋಟು ಹೊರಟಿತು. ಕಾಲ ಕೆಳಗಿನ ಹಲಗೆ, ಬೆಂಚು, ಬೆಂಚಿನ ಮೇಲಿದ್ದವರ ಮೊಣಕಾಲು, ಎಲ್ಲ ಒಂದೇ ಸಮನೆ ನಡುಗತೊಡಗಿದವು. ಎದುರಿನ ಮೀನಿನ ಬುಟ್ಟಿಯವಳು ನನ್ನ ಬಿಳಿ ಸೀರೆಯನ್ನು ನೋಡಿ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು.

ಪುಸ್ತಕವನ್ನು ತೊಡೆಯ ಮೇಲೆ ತೆರೆದೆ. ನನ್ನ ಒಂದೂವರೆ ಪುಟವನ್ನು ಹೊಡೆದುಹಾಕುವಂತಿಲ್ಲ, ನಿಯಮವಿದೆ. ಅದರ ಅಂಚಿನಲ್ಲಿ ಒಂದು ಪದವನ್ನಾದರೂ ಸೇರಿಸೋಣವೆಂದು ಅವರ ಚೀಲದ ತಳದಲ್ಲಿ ಸಿಕ್ಕಿದ್ದ ತುಂಡು ಪೆನ್ಸಿಲಿನಿಂದ "ಹೇಳಿ" ಎಂದು ಬರೆದೆ.

ಅಕ್ಷರಗಳು ಗೆರೆಯ ಮೇಲೆ ನಿಲ್ಲಲಿಲ್ಲ. ಅತ್ತಿತ್ತ ಅಲುಗಿದವು. ಅವರ ಪ್ರಶ್ನೆಯ ಪಕ್ಕದಲ್ಲಿಟ್ಟು ನೋಡಿದರೆ ಅದೂ ಇದೂ ಒಂದೇ ಕೈ.

ಅವರು ಏನನ್ನೂ ಮರೆಸಿರಲಿಲ್ಲ. ತಮ್ಮ ಕೈಯಲ್ಲೇ, ಬೋಟಿನ ತಮ್ಮ ಜಾಗದಲ್ಲೇ ಕೂತು, ತಮ್ಮ ಗೆರೆಯನ್ನೂ ಎಳೆದು, ತಂದು ನನ್ನ ಕೈಗೇ ಕೊಟ್ಟಿದ್ದರು. ನಾನು ಅದನ್ನು ಅವರಿಗೇ ಗಟ್ಟಿಯಾಗಿ ಓದಿ ಹೇಳಿದ್ದೆ.

ಎರ್ನಾಕುಳದಲ್ಲಿ ಎಲ್ಲರೂ ಇಳಿದರು. ನಾನು ಇಳಿಯಲಿಲ್ಲ. ಅದೇ ಬೋಟಿನಲ್ಲಿ ಪುಸ್ತಕದೊಂದಿಗೆ ಹಿಂದಿರುಗಿದೆ. ಅದು ಮತ್ತೆ ಸುತ್ತಿಗೆ ಹೋಗಲಿಲ್ಲ. ಏಕೆ ಬರಲಿಲ್ಲವೆಂದು ಯಾರೂ ಕೇಳಲಿಲ್ಲ, ಅಕ್ಕನೂ ಕೇಳಲಿಲ್ಲ. ನನ್ನ ಟ್ರಂಕಿನಲ್ಲಿದೆ. ಮಗಳು ಈಗ ತಿರುವನಂತಪುರದಲ್ಲಿ ಕಾಲೇಜು ಓದುತ್ತಿದ್ದಾಳೆ. ರಜೆಗೆ ಬಂದಾಗ ಒಮ್ಮೆಯಾದರೂ, ಅಪ್ಪ ಯಾಕೆ ಹೇಳಲಿಲ್ಲ ಎಂದು ಅದೇ ಭಾಷೆಯಲ್ಲಿ ಕೇಳುತ್ತಾಳೆ. ಗೊತ್ತಿಲ್ಲ ಎನ್ನುತ್ತೇನೆ. ಪುಸ್ತಕವನ್ನು ಅವಳ ಕೈಗೆ ಕೊಟ್ಟರೂ ಅವಳಿಗೆ ಕನ್ನಡ ಓದಲು ಬರುವುದಿಲ್ಲ. ನಾನೇ ಓದಿ ಹೇಳಬೇಕು.